ಸದ್ದಿಲ್ಲದ ಎಡಿಟರ್

ಅಣ್ಣನ ಲ್ಯಾಪ್‌ಟಾಪಿಗೆ ವೆಬ್ ಪುಟದ ಕೋಡ್ ಬರೆಯುವ ತಂತ್ರಾಂಶ, ಅಂದರೆ ಹಗುರವಾದ ಒಂದು ಕೋಡ್ ಎಡಿಟರ್, ಹುಡುಕಿ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ ಒಳಗೊಳಗೇ ಖುಷಿಯಾಗಿತ್ತು. ಹುಡುಕುವ ಅಗತ್ಯವೇ ಇರಲಿಲ್ಲ. ಯಾವುದು ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಅಣ್ಣ ಯಲ್ಲಾಲಿಂಗ ಮಲಾಡ್‌ನ ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸ ಮಾಡುತ್ತಿದ್ದ. ಕೆಲವು ವರ್ಷಗಳಿಂದ ಅವನ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬಂದಿತ್ತು. ಮೊದಲು ಪಕ್ಕದಲ್ಲಿ ನಡೆದು ಬರುವವರು ಕಾಣದಾದರು. ಆಮೇಲೆ ಸ್ಟೇಶನ್ನಿನ ಮೆಟ್ಟಿಲುಗಳು, ತಾಟಿನ ಬದಿಯ ಉಪ್ಪಿನಕಾಯಿ. ಈ ವರ್ಷ ಪರದೆಯ ಅಕ್ಷರಗಳೂ ಹೋದವು. ಈಗ ಕಿಟಕಿ ಯಾವ ಕಡೆ ಇದೆ ಎಂದು ಬೆಳಕಿನಿಂದ ಹೇಳಬಲ್ಲ, ಅಷ್ಟೆ. ಡಾಕ್ಟರರು ಇದು ಹೀಗೇ ಆಗುವುದಿತ್ತು ಎಂಬಂತೆ ಮಾತಾಡಿದರು. ಅಣ್ಣ ಏನೂ ಕೇಳಲಿಲ್ಲ. ದಾದರ್ ಕಡೆ ನಡೆಯುವ ಒಂದು ತರಗತಿಗೆ ಹೋಗಿ ಸ್ಕ್ರೀನ್ ರೀಡರ್ ಬಳಸುವುದನ್ನು ಕಲಿತು ಬಂದ. ಅದು ಪರದೆಯ ಮೇಲಿರುವುದನ್ನೆಲ್ಲ ಇಂಗ್ಲಿಷಿನಲ್ಲಿ ಓದಿ ಹೇಳುವ ತಂತ್ರಾಂಶ. ಕಣ್ಣಿನ ಕೆಲಸ ಕಿವಿಗೆ ಬಂತು, ಮೌಸಿನ ಕೆಲಸ ಬಾಣದ ಗುರುತಿನ ಕೀಗಳಿಗೆ.

ಕಂಪನಿಯ ಮಾಲೀಕ ಕಿಶೋರ ಕೆಟ್ಟವನಲ್ಲ. "ಮನೆಯಿಂದಲೇ ಮಾಡು. ಮಾರ್ಕೆಟ್ಟಿನ ಒಂದು ಪಾತ್ರೆ ಅಂಗಡಿಯ ಸೈಟ್ ಇದೆ, ಸಣ್ಣದು. ಒಬ್ಬನೇ ಮಾಡಿ ಶುಕ್ರವಾರ ನನಗೆ ತೋರಿಸು. ಅದು ಆಯಿತೆಂದರೆ ಮುಂದುವರಿಸೋಣ" ಎಂದಿದ್ದ. ಆಗದಿದ್ದರೆ ಏನು ಎಂಬುದನ್ನು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಣ್ಣನಿಗೆ ಗೊತ್ತಿದ್ದದ್ದು ಆ ಒಂದೇ ಕೆಲಸ.

ಅಡ್ಡಿಯಾದದ್ದು ಲ್ಯಾಪ್‌ಟಾಪು. ಅದು ಹಳೆಯದು. ಆಫೀಸುಗಳಲ್ಲಿ ಈಗ ಎಲ್ಲರೂ ಬಳಸುವ ದೊಡ್ಡ ಎಡಿಟರನ್ನು ನಾವಿಬ್ಬರೂ ಪೈಲ್ವಾನ ಎಂದು ಕರೆಯುತ್ತಿದ್ದೆವು. ಆ ಪೈಲ್ವಾನ ಮತ್ತು ಸ್ಕ್ರೀನ್ ರೀಡರ್ ಎರಡನ್ನೂ ಒಟ್ಟಿಗೆ ಎತ್ತಲು ಆ ಲ್ಯಾಪ್‌ಟಾಪಿಗೆ ಆಗುತ್ತಿರಲಿಲ್ಲ. ಅಣ್ಣ ಒಂದು ಸಾಲು ದಾಟಿ ಹೋದ ಮೇಲೆ ಹಿಂದಿನ ಸಾಲಿನ ಮಾತು ಕಿವಿಗೆ ಬೀಳುತ್ತಿತ್ತು. ನಡುನಡುವೆ ಎಲ್ಲ ನಿಂತೇಹೋಗುತ್ತಿತ್ತು.

"ಹೊಸಾದ ತಗೋಳೋಣು" ಎಂದೆ.

"ಕೆಲಸ ಉಳೀತೈತೋ ಇಲ್ಲೋ ಗೊತ್ತಿಲ್ಲ, ಈಗ್ಲೇ ಹೊಸಾದ್ಯಾಕ? ಹಗೂರಂದು ಒಂದು ಎಡಿಟರ್ ನೋಡಿ ಹಾಕಿಕೊಡು, ಸಾಕು" ಎಂದ ಅಣ್ಣ.

ಹಗುರವಾದದ್ದು ಎಂದ ಕೂಡಲೇ ನನಗೆ ನೆನಪಾದದ್ದು ಆಂಟಾಪ್ ಹಿಲ್‌ನ ನಮ್ಮ ಹಳೆಯ ಮನೆ, ಒಂದೇ ಕೋಣೆಯ ಖೋಲಿ.

ಅಪ್ಪ ಅಣವೀರಪ್ಪ ಬೆಳಗಾವಿ ಕಡೆಯಿಂದ ಬಂದು ವಡಾಳಾದ ಬಿಸ್ಕೀಟು ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಗೆ ಸೇರಿದವನು. ಬೇಕೆಂದು ಕೇಳಿ ರಾತ್ರಿಪಾಳಿಯನ್ನೇ ಉಳಿಸಿಕೊಂಡಿದ್ದ. ಬೆಳಿಗ್ಗೆ ಬರುವಾಗ ಅವನ ಅಂಗಿಗೆ ಬೆಂದ ಹಿಟ್ಟಿನ, ಸಕ್ಕರೆಯ ವಾಸನೆ ಇರುತ್ತಿತ್ತು. ಬಂದು ಉಂಡು ಮಲಗಿದನೆಂದರೆ ನಮ್ಮ ಮನೆಗೆ ಮಧ್ಯಾಹ್ನವಿಡೀ ರಾತ್ರಿ. ಒಂದೇ ಖೋಲಿ, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ, ನಡುವೆ ಅಪ್ಪನ ಹಾಸಿಗೆ. ಅವ್ವ ಹನುಮವ್ವ ಬಳೆಗಳನ್ನು ಮೊಣಕೈವರೆಗೆ ಏರಿಸಿ ಸೆರಗಿನ ಚೂರು ಸುತ್ತಿ ಕಟ್ಟುತ್ತಿದ್ದಳು. ನಲ್ಲಿಯ ಕೆಳಗೆ ಬಕೆಟ್ಟಿನಲ್ಲಿ ಒಂದು ಬಟ್ಟೆ ಇರುತ್ತಿತ್ತು, ನೀರು ಬೀಳುವ ಸದ್ದು ಆಗಬಾರದೆಂದು. ರೊಟ್ಟಿ ಬಡಿಯುವುದಂತೂ ಸಾಧ್ಯವೇ ಇರಲಿಲ್ಲ. ಹಿಟ್ಟಿನ ಬುಟ್ಟಿ ಎತ್ತಿಕೊಂಡು ಎದುರು ಖೋಲಿಯ ದಾನವ್ವನ ಮನೆಗೆ ಹೋಗಿ, ಅಲ್ಲಿ ಧಪಧಪ ಬಡಿದು ಬೇಯಿಸಿ, ಬಿಸಿ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿಕೊಂಡು ಕಳ್ಳಿಯ ಹಾಗೆ ಒಳಗೆ ಬರುತ್ತಿದ್ದಳು.

"ನಿನ್ನ ಗಂಡ ಮಲಗ್ತಾನ, ನನ್ನ ಗಂಡ ಎದ್ದು ಕುಂಡರ್ತಾನ" ಎಂದು ದಾನವ್ವ ನಗುತ್ತಿದ್ದಳಂತೆ. ಅವಳ ನಗು ಮಾತ್ರ ಗೋಡೆ ದಾಟಿ ನಮ್ಮ ಖೋಲಿಯೊಳಗೆ ಬರುತ್ತಿತ್ತು. ಅದಕ್ಕೆ ತಡೆಯಿರಲಿಲ್ಲ.

ನಾವಿಬ್ಬರು ಬೆಳೆದದ್ದು ಹೀಗೆ. ಹಸಿವು, ಜ್ವರ, ಪರೀಕ್ಷೆಯ ಅಂಕ ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳುತ್ತಿದ್ದೆವು. ಬೇಡ ಎನ್ನಲು ಮಾತು ಬೇಕಾಗುತ್ತಿತ್ತು, ಹೂಂ ಎನ್ನಲು ಬೇಕಾಗುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಸುಮ್ಮನಿದ್ದರೆ ಅದು ಒಪ್ಪಿಗೆ.

ಅಣ್ಣ ಡಿಗ್ರಿಗೆ ಸೇರಿದ ವರ್ಷ ಯಾವುದೋ ಆಫೀಸಿನವರು ತೆಗೆದುಹಾಕಿದ ಒಂದು ಕಂಪ್ಯೂಟರ್ ತಂದ. ಸ್ಪೀಕರ್ ತರಲಿಲ್ಲ, ನಮ್ಮ ಮನೆಗೆ ಅದೆಲ್ಲಿಯದು? ಅಪ್ಪನ ಕಾಲದೆಸೆಯಲ್ಲಿ ಸ್ಟೂಲಿನ ಮೇಲೆ ಇಟ್ಟೆವು. ಕೀಬೋರ್ಡಿನ ಕೆಳಗೆ ಮಡಿಸಿದ ಟವೆಲ್. ವೆಬ್ ಪುಟ ಬರೆಯಲು ಅವನು ಯಾವ ಯಾವುದೋ ಎಡಿಟರುಗಳನ್ನು ಸಿ.ಡಿ.ಯಲ್ಲಿ ತಂದು ಹಾಕಿ ನೋಡಿದ. ಒಂದೊಂದನ್ನೂ ತೆರೆದರೆ ಕಂಪ್ಯೂಟರಿನ ಡಬ್ಬಿಯ ಒಳಗೆ ಹಾರ್ಡ್‌ಡಿಸ್ಕ್ ಕರಕರ ಎನ್ನುತ್ತಿತ್ತು, ಫ್ಯಾನ್ ಗುಂಯ್ ಎಂದು ಏರುತ್ತಿತ್ತು, ಅಪ್ಪ ಮಗ್ಗುಲು ಬದಲಿಸುತ್ತಿದ್ದ. ನಾವು ಉಸಿರು ಬಿಗಿಹಿಡಿದು ಬಂದ್ ಮಾಡುತ್ತಿದ್ದೆವು. ಕೊನೆಗೆ ಒಂದು ಸಿಕ್ಕಿತು. ಪೆನ್ಸಿಲ್ಲಿನ ಚಿತ್ರವಿದ್ದ ಪುಟ್ಟ ಎಡಿಟರ್. ಒತ್ತಿದ ಕೂಡಲೇ ತೆರೆಯಿತು, ಡಿಸ್ಕ್ ಕರಕರ ಎನ್ನಲಿಲ್ಲ, ಅಪ್ಪ ಮಿಸುಕಲಿಲ್ಲ. ನೀಲಿ ಹಿನ್ನೆಲೆ, ಹಳದಿ ಅಕ್ಷರ. ಬೇರೆಯವರು ಎಡಿಟರನ್ನು ಹೇಗೆ ಆರಿಸುತ್ತಾರೋ ಗೊತ್ತಿಲ್ಲ. ನಾವು ಆರಿಸಿದ್ದು ಅಪ್ಪನ ನಿದ್ದೆಯ ಮೇಲೆ.

ಅದನ್ನು ಪೆನ್ಸಿಲ್ ಎಂದೇ ಕರೆದೆವು. ಒಬ್ಬರು ಬರೆಯುವುದು, ಒಬ್ಬರು ಪಕ್ಕದಲ್ಲಿ ಕೂತು ನೋಡುವುದು. ತಪ್ಪು ಕಂಡರೆ ಮಣಿಕಟ್ಟಿನ ಮೇಲೆ ಬೆರಳು ಒತ್ತುವುದು. ನಾವು ಮಾಡಿದ ಮೊದಲ ಪುಟದಲ್ಲಿ ದಾನವ್ವನ ಹೆಸರು ಕೆಂಪಕ್ಷರದಲ್ಲಿ ಈ ಬದಿಯಿಂದ ಆ ಬದಿಗೆ ಓಡುತ್ತಿತ್ತು. ಅದು ಓಡಿದ್ದನ್ನು ನೋಡಿ ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಬಿ.ಎಸ್ಸಿ. ಮುಗಿಸಿ ಈಗ ನಾನೂ ಮಲಾಡ್‌ನಲ್ಲಿ ಇದೇ ಕೆಲಸಕ್ಕೆ ಹೋಗುತ್ತೇನೆ. ಎ.ಸಿ. ಆಫೀಸು, ದೊಡ್ಡ ಪರದೆ, ಪೈಲ್ವಾನ. ಆದರೆ ಕೆಲಸದಲ್ಲಿ ಅಷ್ಟು ಸುಖವಾಗಿದ್ದದ್ದು ಆ ಮಧ್ಯಾಹ್ನಗಳಲ್ಲೇ, ಒಂದು ಕೀಬೋರ್ಡಿಗೆ ಇಬ್ಬರು ಕೂತಿದ್ದಾಗ.

ಭಾನುವಾರ ಕೂತು ಪೆನ್ಸಿಲ್ ಹುಡುಕಿದೆ. ಅದನ್ನು ಮಾಡಿದವರು ಯಾವಾಗಲೋ ಕೈಬಿಟ್ಟಿದ್ದರು. ಹಳೆಯ ಪ್ರತಿಯೊಂದು ಇನ್ನೂ ಸಿಗುತ್ತಿತ್ತು. ಬೊರಿವಲಿಯ ಈ ಮನೆಗೆ ಬಂದು ಬಹಳ ವರ್ಷಗಳಾಗಿವೆ, ಇಲ್ಲಿ ಎರಡು ಕೋಣೆ ಇವೆ, ಅಪ್ಪ ನಿವೃತ್ತನಾಗಿದ್ದಾನೆ. ಆದರೂ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಬಾಗಿಲು ಅರ್ಧ ಮುಚ್ಚಿ ಮಲಗುತ್ತಾನೆ. ನಾವು ಈಗಲೂ ಹೊರಗಿನ ಕೋಣೆಯಲ್ಲಿ ಪಿಸುಗುಡುತ್ತೇವೆ. ಅವ್ವನ ಕೈಯಲ್ಲಿ ಈಗ ಪ್ಲಾಸ್ಟಿಕ್ ಬಳೆ.

ಪೆನ್ಸಿಲ್ ಒತ್ತಿದ ಕೂಡಲೇ ತೆರೆದುಕೊಂಡಿತು. ನೀಲಿ ಹಿನ್ನೆಲೆ ಇಟ್ಟೆ, ಹಳದಿ ಅಕ್ಷರ ಇಟ್ಟೆ, ಅಕ್ಷರದ ಗಾತ್ರವನ್ನೂ ಮೊದಲಿನಷ್ಟೇ ಮಾಡಿದೆ. ಲ್ಯಾಪ್‌ಟಾಪನ್ನು ಅಣ್ಣನ ಮುಂದೆ ಸರಿಸಿದೆ. ಅವನ ಎರಡೂ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಸ್ಕ್ರೀನ್ ರೀಡರ್ ಮಾತು ಹೊರಗೆ ಕೇಳಬಾರದೆಂದು ಅವನು ಮೊದಲ ದಿನದಿಂದಲೂ ಹಾಗೇ ಮಾಡುತ್ತಿದ್ದ. ಯಾರೂ ಹೇಳಿರಲಿಲ್ಲ.

"ನೋಡೀಗ. ಒತ್ತಿದ ಕೂಡ್ಲೇ ತಗೀತೈತಿ" ಎಂದು ಪಿಸುಗುಟ್ಟಿದೆ.

ಅಣ್ಣ ಕೀಗಳ ಮೇಲೆ ಬೆರಳಾಡಿಸಿದ. ಕೆಳಗೆ ಹೋದ, ಮೇಲೆ ಬಂದ. ತಲೆ ಸ್ವಲ್ಪ ಓರೆಮಾಡಿ ಆಲಿಸಿದ.

"ಯಾವ ಎಡಿಟರ್ ಇದು?"

"ಗುರ್ತು ಹಿಡೀಲಿಲ್ಲಾ? ನಮ್ಮ ಪೆನ್ಸಿಲ್!"

ಅವನ ಮುಖ ಅರಳಿತು. ಅದು ಸುಳ್ಳಲ್ಲ, ನಾನು ಕಣ್ಣಾರೆ ಕಂಡೆ. "ಇನ್ನೂ ಐತಾ ಅದು?" ಎಂದ. ಮತ್ತೆ ಒಂದಿಷ್ಟು ಕೀ ಒತ್ತಿದ. ಆಮೇಲೆ ಸುಮ್ಮನಾದ.

"ಹ್ಯಾಂಗೈತಿ?"

"ಹೂಂ" ಎಂದ.

ನನಗೆ ಅಷ್ಟೇ ಸಾಕಾಯಿತು.

ಸೋಮವಾರ ಸಂಜೆ ಬಂದು ಕೇಳಿದೆ, "ಹ್ಯಾಂಗ ನಡದೈತಿ?" "ನಡದೈತಿ" ಎಂದ. ಮಂಗಳವಾರವೂ ಅದೇ ಉತ್ತರ. ಅವ್ವ ಅಡುಗೆಕಟ್ಟೆಯ ಬಳಿ ನನ್ನ ಕೈ ಹಿಡಿದು ಎಳೆದು ಹೇಳಿದಳು, "ಊಟಕ್ಕ ಕರದ್ರ ಏಳವಲ್ಲ. ಬೆರಳ ಎಣಿಸ್ಕೋತ ಕುಂತಿರ್ತಾನ. ಏನ ಜಪಾ ಮಾಡ್ತಾನೋ." ಕೆಲಸದಲ್ಲಿ ಮುಳುಗಿದ್ದಾನೆ ಅಂದುಕೊಂಡೆ. ಹಿಂದೆಯೂ ಅವನು ಹಾಗೇ ಇದ್ದ.

ಬುಧವಾರ ಎಲ್ಲೋ ಮುಂದೆ ವಿದ್ಯುತ್ ತಂತಿ ಹರಿದು ಲೋಕಲ್ ರೈಲುಗಳು ನಿಂತುಬಿಟ್ಟವು. ಸ್ಟೇಶನ್ನಿನಲ್ಲಿ ಕಾದು ಕಾದು ಸಾಕಾಗಿ, ಆಫೀಸಿಗೆ ಫೋನ್ ಮಾಡಿ ಮನೆಗೆ ಮರಳುವಾಗ ಮಧ್ಯಾಹ್ನವಾಗಿತ್ತು. ಬಾಗಿಲನ್ನು ಎಂದಿನಂತೆ ಸ್ವಲ್ಪ ಎತ್ತಿ ಹಿಡಿದು ಸದ್ದಾಗದಂತೆ ತೆರೆದೆ. ನಾನು ಬಂದದ್ದು ಅಣ್ಣನಿಗೆ ಗೊತ್ತಾಗಲಿಲ್ಲ.

ಅವನು ಬಾಣದ ಕೀಯನ್ನು ಒಂದೊಂದಾಗಿ ಕೆಳಕ್ಕೆ ಒತ್ತುತ್ತಿದ್ದ. ಒತ್ತಿದಂತೆಲ್ಲ ಎಡಗೈಯ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಸರಿಯುತ್ತಿತ್ತು, ಅಪ್ಪ ಹಿಂದೆ ಲಿಂಗಪೂಜೆ ಮುಗಿಸಿ ಜಪ ಎಣಿಸುತ್ತಿದ್ದಂತೆ. ಎಲ್ಲೋ ತಪ್ಪಿತೆಂದು ಕಾಣುತ್ತದೆ. ನಿಂತ. ಮತ್ತೆ ಮೊದಲ ಸಾಲಿಗೆ ಹೋದ, ಮತ್ತೆ ಎಣಿಸಿದ. ಆಮೇಲೆ ಏನನಿಸಿತೋ, ಇಡೀ ಪುಟವನ್ನು ಆಯ್ದು ಅಳಿಸಿಬಿಟ್ಟ. ಪರದೆ ಬರೀ ನೀಲಿಯಾಯಿತು. ಅವನು ಒಂದು ದೀರ್ಘ ಉಸಿರು ಬಿಟ್ಟು ಮೊದಲ ಸಾಲಿನಿಂದ ಬರೆಯತೊಡಗಿದ.

ನಾನು ಅವನ ಪಕ್ಕದಲ್ಲಿ ಕೂತೆ. ಸೋಪಿನ ವಾಸನೆಯಿಂದ ಅವನಿಗೆ ನಾನೆಂದು ತಿಳಿಯಿತು. "ಯಾಕ ಬಂದಿ?"

ಅವನ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ಬಾಣದ ಕೀ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಏನೂ ಇಲ್ಲ.

"ಇದು ಕೆಟ್ಟೈತಿ" ಎಂದೆ.

"ಕೆಟ್ಟಿಲ್ಲ."

ಅವನು ಮೇಲಿನ ಮೆನುವಿಗೆ ಹೋದ. ಕಿವಿಯಲ್ಲಿ ಒಂದು ಗಂಡುದನಿ ಫೈಲ್, ಎಡಿಟ್, ವ್ಯೂ ಎಂದು ಪಟಪಟ ಓದಿತು. ಮತ್ತೆ ಬರೆಯುವ ಜಾಗಕ್ಕೆ ಬಂದ. ದನಿ ನಿಂತಿತು. ಪೆನ್ಸಿಲ್ ಅಕ್ಷರಗಳನ್ನು ತನ್ನದೇ ರೀತಿಯಲ್ಲಿ ಚಿತ್ರದಂತೆ ಬಿಡಿಸಿಡುತ್ತಿತ್ತು. ಕಣ್ಣಿಗೆ ಅವು ಅಕ್ಷರಗಳು, ಸ್ಕ್ರೀನ್ ರೀಡರಿಗೆ ಅಲ್ಲಿ ಏನೂ ಇರಲಿಲ್ಲ. ನಾನು ಆ ಇಯರ್‌ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಕೂತೆ. ನನಗೆ ಮೌನ ಹೊಸದಲ್ಲ. ಅದರೊಳಗೆ ಹುಟ್ಟಿ ಬೆಳೆದವಳು ನಾನು, ಜನರ ಮಾತಿಗಿಂತ ಹೆಚ್ಚು ಅದನ್ನೇ ನಂಬಿದವಳು. ಆದರೆ ಈ ಮೌನದಲ್ಲಿ ಅಣ್ಣ ನಾಲ್ಕು ದಿನಗಳಿಂದ ಒಬ್ಬನೇ ಇದ್ದ.

"ಭಾನುವಾರದಿಂದಾ?"

"ಹೂಂ."

"ಮತ್ತ ಹ್ಯಾಂಗ ಬರೀತಿ?"

"ಬರದು ಸೇವ್ ಮಾಡ್ತೀನಿ. ಬ್ರೌಸರಿನ್ಯಾಗ ತಗದ್ರ ಅದು ಓದ್ತೈತಿ. ಎಲ್ಲಿ ಕೆಟ್ಟೈತಿ ಅಂತ ಅಲ್ಲಿ ತಿಳೀತೈತಿ. ಮತ್ತ ಇಲ್ಲಿ ಬಂದು ಎಷ್ಟನೇ ಸಾಲು ಅಂತ ಎಣಿಸಿ ಹೋಗ್ತೀನಿ. ಲೆಕ್ಕ ತಪ್ಪಿದ್ರ ಎಲ್ಲಾ ಅಳಸಿ ಮೊದಲಿಂದ."

"ಎಷ್ಟಾಗೈತಿ?"

"ಮೊದಲನೇ ಪುಟ. ಅರ್ಧ."

ಶುಕ್ರವಾರಕ್ಕೆ ಉಳಿದದ್ದು ಅಂದಿನ ದಿನ ಮತ್ತು ಮರುದಿನ. ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. "ಬಾಯಿ ಇರಲಿಲ್ಲೇನ ನಿನಗ? ಇದು ಮಾತಾಡಂಗಿಲ್ಲ ಅಂತ ಒಂದು ಮಾತು ಅಂದಿದ್ರ ಏನ ಆಗತಿತ್ತು?"

"ನೀ ಅಷ್ಟು ಖುಷಿಯಿಂದ ಹಾಕಿಕೊಟ್ಟಿ. ಹ್ಯಾಂಗ ಬ್ಯಾಡ ಅನ್ಲಿ?"

"ಖುಷಿ ಹಾಳಾಗಿ ಹೋಗ್ಲಿ. ಕೆಲಸ ಹೋಗ್ತಿತ್ತಲ್ಲೋ."

"ನೀನರ ಎಲ್ಲಿ ಕೇಳಿದಿ? ಒತ್ತಿದ ಕೂಡ್ಲೇ ತಗೀತೈತಿ ಅಂದಿ. ಕೇಳಸ್ತೈತಾ ಅಂತ ಅಂದ್ಯೇನು?"

ಅದು ನಿಜ. ನಾನು ಕೇಳಿರಲಿಲ್ಲ.

ಇಷ್ಟೆಲ್ಲ ಜಗಳ ನಡೆದದ್ದು ಪಿಸುಮಾತಿನಲ್ಲಿ. ಹೊರಗಿನಿಂದ ನೋಡಿದವರಿಗೆ ನಾವು ಗುಟ್ಟು ಹೇಳಿಕೊಳ್ಳುತ್ತಿದ್ದೇವೆ ಅನಿಸಬೇಕು. ಆದರೂ ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು, ತುಟಿಯ ಮೇಲೆ ಬೆರಳಿಟ್ಟು ಒಳಗಿನ ಕೋಣೆಯತ್ತ ಸನ್ನೆ ಮಾಡಿದಳು. "ಸಾವಕಾಶ! ಅಪ್ಪ ಮಲಗ್ಯಾನ."

ಅಣ್ಣ ಅವ್ವನ ದನಿ ಬಂದ ಕಡೆ ಮುಖ ತಿರುಗಿಸಿದ. ಆಮೇಲೆ ಲ್ಯಾಪ್‌ಟಾಪಿನ ಬದಿಯನ್ನು ಬೆರಳಿನಿಂದ ತಡವಿ, ಇಯರ್‌ಫೋನಿನ ತಂತಿಯನ್ನು ಹಿಡಿದು ಕಿತ್ತುಬಿಟ್ಟ.

"ಬೇರೆ ಎಡಿಟರ್ ಹಾಕು. ಈ ಸಲ ಇಬ್ರೂ ಕೇಳೋಣು."

ನಾನು ಒಂದರ ಹಿಂದೆ ಒಂದು ಹಗುರವಾದ ಎಡಿಟರುಗಳನ್ನು ಇಳಿಸಿಕೊಂಡೆ. ಅಣ್ಣ ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದ. ಮುಚ್ಚಿಕೊಂಡೆ. ಮೊದಲನೆಯದು ಸಾಲು ಓದಿತು, ಆದರೆ ಸಾಲಿನ ಸಂಖ್ಯೆ ಹೇಳಲಿಲ್ಲ. ಎರಡನೆಯದು ಅಳಿಸಿದ ಅಕ್ಷರವನ್ನು ಹೇಳಲಿಲ್ಲ. "ಬ್ಯಾಡ" ಎಂದ ಅಣ್ಣ. ಇನ್ನೊಂದಕ್ಕೂ "ಬ್ಯಾಡ" ಎಂದ. ಅವನ ಬಾಯಿಂದ ಒಂದೇ ಸಮನೆ ಅಷ್ಟು ಸಲ ಆ ಮಾತು ಬಂದದ್ದು ಅದೇ ಮೊದಲು. ಹೇಳುತ್ತ ಹೇಳುತ್ತ ಅವನ ದನಿ ಏರುತ್ತಿತ್ತು.

ಕೊನೆಗೆ ಒಂದನ್ನು ಹಾಕಿದೆ. ಕದ್ದು ಕಣ್ಣು ತೆರೆದು ನೋಡಿದರೆ ಅದೊಂದು ಬೂದು ಬಣ್ಣದ ಕುರೂಪ ಕಿಟಕಿ. ಸಾಲುಸಾಲು ಗುಂಡಿಗಳು, ಒಂದಕ್ಕೂ ಅಂದವಿಲ್ಲ. "ಸರಕಾರಿ ಕಚೇರಿ ಇದ್ದಂಗೈತಿ" ಎಂದೆ.

ಅಣ್ಣ ಕೀ ಒತ್ತಿದ. ದನಿ ಸಾಲಿನ ಸಂಖ್ಯೆ ಹೇಳಿತು, ಸಾಲು ಓದಿತು, ಸಾಲು ಎಷ್ಟು ಒಳಗೆ ಸರಿದಿದೆ ಎಂದಿತು, ಕೋಡಿನ ಗುರುತಾದ ಟ್ಯಾಗ್ ಒಂದು ಮುಚ್ಚಿಲ್ಲ ಎಂದಿತು. ಅಣ್ಣ ವೇಗ ಹೆಚ್ಚಿಸಿದ. ಇನ್ನೂ ಹೆಚ್ಚಿಸಿದ. ನನಗೆ ಒಂದು ಶಬ್ದವೂ ತಿಳಿಯದಂತಾಯಿತು. ಪಟಪಟಪಟ ಎಂದು ಕಾಳು ಸುರಿದಂತೆ ಕೋಣೆಯ ತುಂಬ ಸದ್ದು. ಅವನು ಮಾತ್ರ ತಲೆಯಾಡಿಸುತ್ತಿದ್ದ.

"ಕಚೇರಿ ಆದ್ರ ಆಗ್ಲಿ. ಕ್ಲರ್ಕ್ ಮಾತಾಡ್ತಾನಲ್ಲ" ಎಂದ.

ಅಷ್ಟರಲ್ಲಿ ಒಳಗಿನ ಬಾಗಿಲು ಪೂರ್ತಿ ತೆರೆಯಿತು. ಅಪ್ಪ ಲುಂಗಿ ಬಿಗಿಮಾಡಿಕೊಳ್ಳುತ್ತ ನಿಂತಿದ್ದ. ಅವ್ವ ಗೋಡೆಗೆ ಒರಗಿದಳು. ನಾನು ಲ್ಯಾಪ್‌ಟಾಪಿನ ಮೇಲೆ ಕೈ ಚಾಚಿದೆ, ಅಣ್ಣ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ.

"ಯಾರ ಅದು, ಬೆಳಗಾವಿ ಬಸ್ ಸ್ಟ್ಯಾಂಡಿನ ಕಂಡಕ್ಟರ್ ಒದರಿದಂಗ ಒದರಾಕತ್ತಾನ?" ಎಂದ ಅಪ್ಪ.

"ನನ್ನ ಕೆಲಸ ಅಪ್ಪಾ. ಇದು ಓದಿದ್ರನ ನನಗ ಬರಿಯಾಕ ಬರ್ತೈತಿ" ಎಂದ ಅಣ್ಣ.

"ಇಷ್ಟು ಗಡಬಡಿಲೇ? ಉಸರ ತಗೋಳಂಗಿಲ್ಲೇನ ಅಂವ?"

"ನಿಮ್ಮನ್ನ ಎಬ್ಬಿಸಿಬಿಟ್ರು ನೋಡ್ರಿ" ಎಂದು ಅವ್ವ ಮೆಲ್ಲಗೆ ಅಂದಳು.

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಅದರ ಕಾಲು ನೆಲಕ್ಕೆ ತಿಕ್ಕಿ ಕರ್ರ್ ಎಂದಿತು. "ಎಬ್ಬಿಸೂದೇನ? ನಾ ಎಚ್ಚರನ ಇದ್ನಿ. ನಿವೃತ್ತಿ ಆದಮ್ಯಾಲ ಮಧ್ಯಾಹ್ನ ನಿದ್ದಿ ಎಲ್ಲಿ ಬರ್ತೈತಿ? ನೀವೆಲ್ಲಾ ಇಷ್ಟು ಸುಮ್ಮ ಇರ್ತೀರಿ. ನಾ ಎದ್ದ ಬಂದ್ರ ಏನ ಕೆಲಸಕ್ಕ ಅಡ್ಡಿ ಆಗ್ತೈತೋ ಅಂತ ಬಿದ್ಕೊಂಡಿರ್ತೀನಿ."

ಅವ್ವ ತನ್ನ ಕೈಯ ಪ್ಲಾಸ್ಟಿಕ್ ಬಳೆಗಳನ್ನು ನೋಡಿಕೊಂಡಳು. ಆಮೇಲೆ, "ಅಯ್ಯ ನಿಮ್ಮ..." ಎಂದು ಶುರುಮಾಡಿ, ಏನು ಬೈಯಬೇಕೆಂದು ತಿಳಿಯದೆ ಅಡುಗೆಮನೆಗೆ ಹೋದಳು. ಅಲ್ಲಿ ಒಂದು ಪಾತ್ರೆ ದಣ್ಣನೆ ಇಟ್ಟದ್ದು ಕೇಳಿಸಿತು.

ಅಣ್ಣ ಮಾತ್ರ ಬರೆಯತೊಡಗಿದ್ದ. ಬುಧವಾರದ ಉಳಿದ ಹೊತ್ತು, ಗುರುವಾರವಿಡೀ ಬರೆದ. ನಾನು ಗುರುವಾರ ರಜೆ ಹಾಕಿ ಪಕ್ಕದಲ್ಲಿ ಕೂತೆ, ಹಳೆಯ ಅಭ್ಯಾಸದಂತೆ. ಆದರೆ ಕೂತು ಮಾಡುವುದಕ್ಕೇನೂ ಇರಲಿಲ್ಲ. ತಪ್ಪು ನನ್ನ ಕಣ್ಣಿಗೆ ಬೀಳುವ ಮೊದಲೇ ಅವನ ಕಿವಿಗೆ ಬಿದ್ದಿರುತ್ತಿತ್ತು. ಆ ವೇಗದ ಮಾತಿನೊಳಗೆ ನನಗೆ ಪ್ರವೇಶವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನು ಎದ್ದು ಕಿಟಕಿಯ ಬಳಿ ಹೋಗಿ ನಿಂತೆ. ಅವನು ಗಮನಿಸಲಿಲ್ಲ. ಒಂದು ಕೀಬೋರ್ಡಿಗೆ ಇಬ್ಬರು ಕೂರುವ ಕಾಲ ಮುಗಿದದ್ದು ಆಂಟಾಪ್ ಹಿಲ್ ಬಿಟ್ಟಾಗ ಅಲ್ಲ, ಕಣ್ಣು ಹೋದಾಗಲೂ ಅಲ್ಲ, ಈಗ ಎಂದು ನನಗೆ ಅನಿಸಿತು. ಸಂಕಟವಾಯಿತು. ಆದರೆ ಬೇಕಾಗಿದ್ದದ್ದೂ ಇದೇ ಅಲ್ಲವೆ, ಅವನು ಒಬ್ಬನೇ ಮಾಡಬೇಕೆಂದು.

ಶುಕ್ರವಾರ ಕಿಶೋರನ ವಿಡಿಯೋ ಕಾಲ್ ಬಂತು. ಲ್ಯಾಪ್‌ಟಾಪಿಗೆ ಅಷ್ಟು ಭಾರ ಹಾಕುವುದು ಬೇಡವೆಂದು ನಾನು ಮೊಬೈಲನ್ನು ಒಂದು ಡಬ್ಬಿಗೆ ಒರಗಿಸಿ, ಲ್ಯಾಪ್‌ಟಾಪಿನ ಪರದೆ ಅವನಿಗೆ ಕಾಣುವಂತೆ ಇಟ್ಟೆ. ಅಣ್ಣ ಸೈಟ್ ತೋರಿಸಿದ. ಮುಖಪುಟ, ಪಾತ್ರೆಗಳ ಪುಟ, ಅಂಗಡಿಗೆ ಬರುವ ದಾರಿ. ಕಿಶೋರ ಹೂಂ, ಹೂಂ ಎನ್ನುತ್ತಿದ್ದ. ಆಮೇಲೆ, "ಫೋನ್ ನಂಬರ್ ಕೆಳಗಿದೆಯಲ್ಲ, ಅದು ಮೇಲೆ ಬರಲಿ. ಈಗಲೇ ಮಾಡಿ ತೋರಿಸುತ್ತೀಯಾ?" ಎಂದು ಹಿಂದಿಯಲ್ಲಿ ಕೇಳಿದ.

ಇದೇ ಪರೀಕ್ಷೆ ಎಂದು ನಮಗೆಲ್ಲ ಗೊತ್ತಾಯಿತು. ಅವ್ವ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು. ಅಪ್ಪ ಕುರ್ಚಿಯ ತುದಿಗೆ ಬಂದಿದ್ದ. ಅಣ್ಣ ಬೂದು ಎಡಿಟರ್ ತೆರೆದ. ದನಿ ಸುರಿಯತೊಡಗಿತು.

ಕಿಶೋರ ಮುಖ ಕಿವುಚಿದ. "ಅರೆ ಯಲ್ಲೂ, ಹಿಂದೆ ಏನದು ಗದ್ದಲ? ಅದನ್ನು ಬಂದ್ ಮಾಡು ಮಾರಾಯ, ನನಗೆ ನಿನ್ನ ಮಾತೇ ಕೇಳಿಸುವುದಿಲ್ಲ."

ಅಣ್ಣನ ಬೆರಳುಗಳು ನಿಂತವು. ನಾನು ಅವನ ಮುಖ ನೋಡಿದೆ. ಜೀವಮಾನವಿಡೀ ಇಂಥ ಮಾತಿಗೆ ಅವನು ಕೊಟ್ಟ ಉತ್ತರ ಒಂದೇ, ಸುಮ್ಮನಾಗುವುದು. ಬಂದ್ ಮಾಡಿದರೆ ನಂಬರ್ ಇರುವ ಸಾಲು ಅವನಿಗೆ ಸಿಗುವುದಿಲ್ಲ. ಮಾಡದಿದ್ದರೆ ಮಾಲೀಕನಿಗೆ ಎದುರುಮಾತು.

"ಸರ್, ಇದನ್ನು ಬಂದ್ ಮಾಡಿದರೆ ನಾನೂ ಬಂದ್" ಎಂದ ಅಣ್ಣ, ಹಿಂದಿಯಲ್ಲಿ, ಗಟ್ಟಿಯಾಗಿ. "ನನಗೆ ಕಾಣಿಸುವುದಿಲ್ಲ. ಇದು ಹೇಳಬೇಕು, ನಾನು ಬರೆಯಬೇಕು. ನೀವು ಸ್ವಲ್ಪ ತಡೆಯಿರಿ, ಮುಗಿದ ಮೇಲೆ ಮಾತಾಡೋಣ."

ಮೊಬೈಲಿನಲ್ಲಿ ಕಿಶೋರನ ಮುಖ ಹಾಗೇ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅವನು ಕೈ ಎತ್ತಿ, "ಸರಿ ಸರಿ, ಮಾಡು" ಎಂದ.

ದನಿ ಮತ್ತೆ ಶುರುವಾಯಿತು. ಅಣ್ಣ ಸಾಲು ಹುಡುಕಿದ, ಕತ್ತರಿಸಿದ, ಮೇಲೆ ಹೋದ, ಅಂಟಿಸಿದ, ಸೇವ್ ಮಾಡಿ ಬ್ರೌಸರ್ ತೆರೆದ. ನಂಬರ್ ಪುಟದ ತಲೆಯ ಮೇಲೆ ಕೂತಿತ್ತು.

ಕಿಶೋರ ಸ್ವಲ್ಪ ಹೊತ್ತು ನೋಡಿದ. "ಇಷ್ಟು ಬೇಗನೆ ಇಲ್ಲಿರೋ ಹುಡುಗರೂ ಮಾಡೋದಿಲ್ಲ, ಅವರು ಮೊದಲು ಚಹಾ ಕುಡಿಯುತ್ತಾರೆ" ಎಂದು ನಕ್ಕ. "ಸೋಮವಾರ ಇನ್ನೊಂದು ಸೈಟ್ ಕಳಿಸುತ್ತೇನೆ. ಅದು ಸ್ವಲ್ಪ ದೊಡ್ಡದು, ನೋಡು."

ಕಾಲ್ ಮುಗಿಯಿತು. ಅಪ್ಪ, "ಏನಂದ? ಏನಂದ?" ಎಂದು ಕೇಳುತ್ತಲೇ ಇದ್ದ, ಅವನಿಗೆ ಹಿಂದಿ ಚೆನ್ನಾಗಿ ಬಂದರೂ. ಅವ್ವ ಅಣ್ಣನ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತಳು.

ಭಾನುವಾರ ನಾನು ಬೂದು 'ಕಚೇರಿ'ಯ ಉಳಿದ ಸೆಟ್ಟಿಂಗ್‌ಗಳನ್ನು ಸರಿಮಾಡುತ್ತಿದ್ದೆ. ಅಭ್ಯಾಸಬಲದಿಂದ, "ಬಣ್ಣ ಯಾವ್ದ ಇಡ್ಲಿ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಣ್ಣ ದೊಡ್ಡದಾಗಿ ನಕ್ಕ. "ಯಾವ್ದಾರ ಇಡು. ನಾ ಅಂತೂ ಜಗಳಾ ತಗಿಯಂಗಿಲ್ಲ." ಆಮೇಲೆ ಸ್ವಲ್ಪ ತಡೆದು ಹೇಳಿದ, "ರಂಜೀ, ಆ ಪೆನ್ಸಿಲ್ ತಗದುಬಿಡು."

"ಇರ್ಲಿ ಬಿಡೋ. ಎಷ್ಟು ಜಾಗ ತಿಂತೈತಿ ಅದು?"

"ಜಾಗದ ಮಾತಲ್ಲ. ಮರತು ಫೈಲ್ ಮ್ಯಾಲ ಒತ್ತಿದ್ರ ಅದರಾಗನ ತಗೀತೈತಿ. ಒಮ್ಮಿಂದೊಮ್ಮೆ ಎಲ್ಲಾ ಸುಮ್ಮ ಆಗಿಬಿಡ್ತೈತಿ. ನಿನ್ನೆ ಹಂಗ ಆತು. ಲ್ಯಾಪ್‌ಟಾಪ್ ಸತ್ತೋತೋ, ನನ್ನ ಕಿವೀನೂ ಹೋತೋ ಅಂತ ಅಂಜಿಕಿ ಬಂತು."

ನಾನು ಪೆನ್ಸಿಲ್ಲಿನ ಮೇಲೆ ಹೋಗಿ ತೆಗೆದುಹಾಕುವ ಗುಂಡಿ ಒತ್ತಿದೆ. ಪರದೆಯ ಮೇಲೆ ಪುಟ್ಟದೊಂದು ಪ್ರಶ್ನೆ ಬಂತು. ಸ್ಕ್ರೀನ್ ರೀಡರ್ ಅದನ್ನು ಎಂದಿನ ವೇಗದಲ್ಲಿ, ಯಾವ ಮರುಕವೂ ಇಲ್ಲದೆ ಓದಿತು: ಈ ತಂತ್ರಾಂಶವನ್ನು ನಿಜವಾಗಿಯೂ ತೆಗೆದುಹಾಕಬೇಕೆ?

ನಾನು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಣ್ಣ ಸ್ವಲ್ಪ ಹೊತ್ತು ಕಾದ. ಆಮೇಲೆ ಕೀಬೋರ್ಡಿನ ಮೇಲೆ ಕೈ ಚಾಚಿ, ಎಂಟರ್ ಕೀ ಹುಡುಕಿ, ತಾನೇ ಒತ್ತಿದ.